ಬಿಜಲಿಯ ಗುಳಿಗೆ

ದಪ್ಪ ನಾಯಿಯನ್ನು ಸಾಕಿದವನ ಕಷ್ಟ ತೆಳ್ಳಗಿನ ನಾಯಿ ಸಾಕಿದವರಿಗೆ ತಿಳಿಯುವುದಿಲ್ಲ. ಬೀದಿಯಲ್ಲಿ ಎದುರಾದವರು ಮೊದಲು ನಾಯಿಯನ್ನು ನೋಡುತ್ತಾರೆ. ಆಮೇಲೆ ಹಗ್ಗದ ಈಚೆ ತುದಿಯಲ್ಲಿರುವ ನಮ್ಮನ್ನು ನೋಡುತ್ತಾರೆ. ಆಮೇಲೆ ಏನೋ ಅರ್ಥವಾದವರಂತೆ ಮುಗುಳ್ನಗುತ್ತಾರೆ. ಆ ನಗೆಯಲ್ಲಿ ನಮ್ಮ ಮನೆಯ ಅಡುಗೆ, ನಮ್ಮ ಶಿಸ್ತು, ನಾವು ಬೆಳಿಗ್ಗೆ ಏಳುವ ಹೊತ್ತು ಎಲ್ಲದರ ವಿಮರ್ಶೆಯೂ ಅಡಗಿರುತ್ತದೆ. ಮಗು ದಪ್ಪಗಿದ್ದರೆ ಅದನ್ನು ಹೆಂಡತಿಯ ತವರಿನ ಮೇಲೆ ಹಾಕಿ ಪಾರಾಗಬಹುದು. ನಾಯಿಯ ವಿಷಯದಲ್ಲಿ ಸಾಮಾನ್ಯವಾಗಿ ಆ ಅನುಕೂಲವಿಲ್ಲ.

ನನಗೆ ಮಾತ್ರ ಆ ಅನುಕೂಲವಿತ್ತು, ಏಕೆಂದರೆ ನಮ್ಮ ನಾಯಿ ಬಂದದ್ದೇ ಹೆಂಡತಿಯ ತವರಿನಿಂದ. ಆದರೆ ಅದು ಬಂದಾಗ ತೆಳ್ಳಗೆ ಬಂದಿತ್ತು ಎಂಬುದಕ್ಕೆ ಆ ತವರೂರು ಬಬಲೇಶ್ವರವೆಲ್ಲ ಸಾಕ್ಷಿ ಹೇಳುತ್ತಿತ್ತು.

ಅವಳ ಹೆಸರು ಬಿಜಲಿ. ಹೇಳಿಕೇಳಿ ಮುಧೋಳ ಜಾತಿ. ಆ ಜಾತಿಯ ನಾಯಿ ಎದುರಿಗೆ ನಿಂತರೆ ಒಂದು ಗೆರೆಯಷ್ಟೇ ಕಾಣುತ್ತದೆ, ಪಕ್ಕಕ್ಕೆ ತಿರುಗಿದಾಗಲೇ ಪೂರ್ತಿ ನಾಯಿ ಇದೆಯೆಂದು ಗೊತ್ತಾಗುವುದು. ಸೊಂಟವೆಂಬುದು ಮುಷ್ಟಿಯಲ್ಲಿ ಹಿಡಿಯುವಷ್ಟು. ನನ್ನ ಮಾವನವರು ಬಬಲೇಶ್ವರದ ಗೌಡರು. ಡೋಣಿ ನದಿಯ ಎರೆಹೊಲಗಳಲ್ಲಿ ಮೊಲದ ಹಿಂದೆ ಬಿಟ್ಟರೆ ಮೊಲಕ್ಕೂ ತನಗೂ ನಡುವೆ ಗಾಳಿ ಆಡಲು ಬಿಡದ ಹಾಗೆ ಓಡುತ್ತಿದ್ದಳೆಂದು ಅವರೇ ಇಟ್ಟ ಹೆಸರು ಅದು; ಮಿಂಚು, ಕರೆಂಟು ಎರಡೂ ಅರ್ಥ ಅದಕ್ಕಿದೆ. ಮುಂದೆ ಬೇಟೆಗೆ ಸರಕಾರದ ಕಾಯ್ದೆ ಅಡ್ಡ ಬಂದಿತು. ಕೆಲಸವಿಲ್ಲದೆ ಅಂಗಳದಲ್ಲಿ ಸುತ್ತುತ್ತಿದ್ದ ಬಿಜಲಿಯನ್ನು ನನ್ನ ಹೆಂಡತಿ ಶಾಂತಾ ವಿಜಾಪುರಕ್ಕೆ ಕರೆತಂದಳು. ನಾನಾಗ ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು.

ಮೊದಮೊದಲು ಎಲ್ಲ ಸರಿಯಾಗಿತ್ತು. ಓಣಿಯ ಕೋಳಿಗಳು ಮಾತ್ರ ಸ್ವಲ್ಪ ಎಚ್ಚರದಿಂದ ಬದುಕುವುದನ್ನು ಕಲಿತವು. ಆಮೇಲೆ ಯಾವಾಗ ಶುರುವಾಯಿತೋ ತಿಳಿಯದು, ಬಿಜಲಿ ಉಬ್ಬತೊಡಗಿದಳು. ಸೊಂಟ ಮಾಯವಾಯಿತು. ಅಂಚೆಯವನು ಬಂದರೆ ಕತ್ತು ಎತ್ತುತ್ತಿದ್ದವಳು ಬರಬರುತ್ತ ಒಂದು ಕಣ್ಣನ್ನಷ್ಟೇ ಎತ್ತತೊಡಗಿದಳು. ಕರೆದರೆ ಬರುವಳು, ಆದರೆ ನಾವು ಕರೆದದ್ದೇಕೆಂದು ಮರೆತುಹೋಗುವಷ್ಟು ನಿಧಾನಕ್ಕೆ ಬರುವಳು. ಮುಖದಲ್ಲಿ ಎಂಥದೋ ದುಃಖ ಬಂದು ಕೂತಿತ್ತು. ಹೆಸರು ಬೇರೆ ಬಿಜಲಿ ಆಗಿದ್ದರಿಂದ ಓಣಿಯವರ ವಿನೋದಕ್ಕೆ ಮಿತಿಯೇ ಇರಲಿಲ್ಲ.

"ಏನ್ರಿ ಮಾಸ್ತರ, ನಿಮ್ಮ ಮನ್ಯಾಗ ಕರೆಂಟ್ ಹೋಗಿ ಭಾಳ ದಿನಾ ಆತಲ್ಲ? ಆಫೀಸಿಗೆ ಅರ್ಜಿ ಕೊಡ್ರಿ" ಎಂದು ಕೇಳದವರಿಲ್ಲ.

ನಾನು ಮಾಸ್ತರನಾದ್ದರಿಂದ ಶಿಸ್ತಿನ ಕ್ರಮ ಕೈಗೊಂಡೆ. ಬಿಜಲಿಯ ರೊಟ್ಟಿ ಅರ್ಧಕ್ಕೆ ಇಳಿಯಿತು, ಹಾಲು ನಿಂತಿತು. ದಿನಾ ಬೆಳಿಗ್ಗೆ ಕೋಟೆಗೋಡೆಯ ಗುಂಟ ನಡಿಗೆ. ಅದಕ್ಕಾಗಿ ಕ್ಯಾನ್ವಾಸ್ ಬೂಟನ್ನೂ ಕೊಂಡೆ. ಬಿಜಲಿ ನಾಲ್ಕು ಹೆಜ್ಜೆ ನಡೆದು ಕೂರುವಳು. ಎಬ್ಬಿಸಿದರೆ ಇನ್ನು ನಾಲ್ಕು ಹೆಜ್ಜೆ. ಯಾವುದಾದರೊಂದು ಹಳೆಯ ಗುಮ್ಮಟವೋ ಮಸೀದಿಯೋ ಎದುರಿಗಿರುವ ಜಾಗದಲ್ಲೇ ಅವಳು ಕೂರುತ್ತಿದ್ದಳು. ಆ ಊರಿನಲ್ಲಿ ಬೇರೆ ಜಾಗ ಸಿಗುವುದೂ ಕಷ್ಟ. ಅವಳು ಏಳುವವರೆಗೆ ನಾನು ಕಮಾನುಗಳ ಕೆತ್ತನೆ ನೋಡುತ್ತ ನಿಲ್ಲುತ್ತಿದ್ದೆ. ಹೀಗೆ ಕೆಲವು ತಿಂಗಳು ಕಳೆದ ಮೇಲೆ ವಾಸ್ತುಶಿಲ್ಪದಲ್ಲಿ ನನ್ನ ತಿಳಿವಳಿಕೆ ಹೆಚ್ಚಿತ್ತು, ಅಂಗಿ ಸಡಿಲವಾಗಿತ್ತು. ಬಿಜಲಿ ಮಾತ್ರ ಇದ್ದಂತೆಯೇ ಇದ್ದಳು, ಸ್ವಲ್ಪ ಹೆಚ್ಚೇ ಇದ್ದಳು.

ಬೇಸಿಗೆಯ ರಜೆಗೆ ಬಬಲೇಶ್ವರಕ್ಕೆ ಹೋದೆವು. ಮಾವನವರು ಬಿಜಲಿಯನ್ನು ನೋಡಿ, ನನ್ನನ್ನು ನೋಡಿ, ಪಂಚೆಯ ಚುಂಗು ಹಿಡಿದು ನಿಂತರು. ಸದಾ ಅವಸರದ ಮನುಷ್ಯ ಅವರು. ಊಟವನ್ನೂ ಯಾರೋ ಬೆನ್ನಟ್ಟಿದವರಂತೆ ಮಾಡುತ್ತಿದ್ದರು.

"ಅಳಿಯಂದ್ರ, ನಾ ನಿಮಗ ನಾಯಿ ಕೊಟ್ಟಿದ್ದೆ. ನೀವು ಇದನ್ನ ಹಾಸಿಗಿ ಸುರುಳಿ ಮಾಡಿ ತಂದೀರಲ್ಲ!"

ಆ ರಜೆಯಲ್ಲಿ ಒಂದು ನೋಟ ಮನೆಯವರನ್ನೆಲ್ಲ ನಗಿಸಿತು. ಬಬಲೇಶ್ವರದ ಮೇ ತಿಂಗಳ ಬಿಸಿಲು ಕಾಗೆಯನ್ನೂ ನೆರಳಿಗೆ ಓಡಿಸುವಂಥದು. ಅಂಥ ಬಿಸಿಲಿನಲ್ಲಿ ಬಿಜಲಿ ಹೋಗಿ ಅಂಗಳದ ಕಲ್ಲುಹಾಸಿನ ಮೇಲೆ ಮಲಗುತ್ತಿದ್ದಳು. ಪಕ್ಕದಲ್ಲೇ ಗೋಡೆಗೆ ಒರಗಿ ನನ್ನ ಅತ್ತೆ ನೀಲವ್ವ ಕೂರುತ್ತಿದ್ದರು, ಸೆರಗಿನ ಮೇಲೆ ಒಂದು ಶಾಲು ಹೊದ್ದು. ಒಂದು ಕಾಲದಲ್ಲಿ ನಾಲ್ಕು ಮಕ್ಕಳು, ಹತ್ತು ದನ, ದಿನವೂ ಬಂದುಹೋಗುವ ಜನ ಎಲ್ಲವನ್ನೂ ಒಬ್ಬರೇ ನಿಭಾಯಿಸಿದ ಹೆಂಗಸು. ಈಚೆಗೆ ಮಾತು ಕಡಿಮೆಯಾಗಿತ್ತು, ಧ್ವನಿ ಒಡೆದಿತ್ತು, ಮುಖ ಊದಿಕೊಂಡಂತಿತ್ತು. ಸೊಸೆಯಂದಿರು ಬಂದ ಮೇಲೆ ಅತ್ತೆಗೆ ಸೊಕ್ಕು ಬಂದು ಮೈ ಭಾರವಾಗಿದೆ ಎಂದು ಊರವರು ಹೇಳುತ್ತಿದ್ದರು. ಮಾವನವರು ಊರವರಿಗಾಗಿ ಕಾಯುತ್ತಿರಲಿಲ್ಲ, ಅದನ್ನೇ ಇನ್ನಷ್ಟು ಗಟ್ಟಿಯಾಗಿ ಅಂಗಳದಲ್ಲೇ ಹೇಳುತ್ತಿದ್ದರು.

"ನೋಡ್ರಿ ಜೋಡಿ ಹೆಂಗ ಕುಂತದ! ಕಲ್ಲ ಕದಲ್ಯಾವು, ಇವು ಕದಲಂಗಿಲ್ಲ."

ಅತ್ತೆ ಬಿಜಲಿಯ ತಲೆಯ ಮೇಲೆ ಕೈ ಇಟ್ಟು ಸುಮ್ಮನೆ ಕೂತರು.

ಇಲ್ಲಿ ಮಾಸ್ತರನಾಗಿ ಒಂದು ಮಾತು ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಸುಮ್ಮನೆ ಕೂತವರನ್ನು ಬಯ್ಯಲು ನಮ್ಮ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ. ಸೋಮಾರಿ, ಆಲಸಿ, ಜಡ, ಮೈಗಳ್ಳ. ನನಗೆ ಇವುಗಳಲ್ಲಿ ಹೆಚ್ಚು ಕುತೂಹಲದ್ದು ಮೈಗಳ್ಳ. ದುಡಿಯಬೇಕಾದ ಮೈಯನ್ನು ಕದ್ದು ಬಚ್ಚಿಟ್ಟುಕೊಂಡವನು ಎಂದು ಅರ್ಥ. ಮೈ ಸೊತ್ತು, ಮನುಷ್ಯ ಕಳ್ಳ. ಮೈಯೇ ಕಳ್ಳನಾಗಿ ಮನುಷ್ಯನ ಸೊತ್ತನ್ನು ದಿನಕ್ಕಿಷ್ಟು ಎಂದು ಒಳಗಿಂದೊಳಗೇ ಸಾಗಿಸುತ್ತಿದ್ದರೆ ಅದಕ್ಕೊಂದು ಪದ ಬೇಕಲ್ಲ? ಇಷ್ಟೊಂದು ಪದ ಕೂಡಿಸಿಟ್ಟ ಪೂರ್ವಿಕರು ಅದೊಂದನ್ನು ಯಾಕೋ ಮರೆತರು.

ಮಳೆಗಾಲ ಬರುವ ಹೊತ್ತಿಗೆ ಬಿಜಲಿಯ ಕೂದಲು ಉದುರತೊಡಗಿತು. ಎರಡೂ ಪಕ್ಕೆಗಳಲ್ಲಿ ಅಳತೆ ಹಿಡಿದು ಕತ್ತರಿಸಿದಂತೆ ಒಂದೇ ರೀತಿ ಬೋಳಾಯಿತು. ಬಾಲ ಇಲಿಯ ಬಾಲವಾಯಿತು. ಚರ್ಮ ಕಪ್ಪಿಟ್ಟಿತು. ಓಣಿಯವರ ವಿನೋದ ಅಲ್ಲಿಗೆ ನಿಂತು ಸಲಹೆಗಳು ಶುರುವಾದವು. ಬೇವಿನೆಣ್ಣೆ ಹಚ್ಚಿ, ಗಂಧಕ ಹಚ್ಚಿ, ಲಾರಿಯ ಸುಟ್ಟ ಆಯಿಲ್ ಹಚ್ಚಿ. ಶಾಂತಾ ಬೇವಿನೆಣ್ಣೆಯವರೆಗೆ ಹೋಗಿ ಮುಂದಿನದಕ್ಕೆ ಒಪ್ಪಲಿಲ್ಲ. ಒಂದು ದಿನ ಕೆಳಗಿನ ಅರಿವೆ ಅಂಗಡಿಯ ಶೆಟ್ಟರು ಮೇಲೆ ಬಂದರು. ನಮ್ಮ ಮನೆಯ ಮಾಲೀಕರು ಅವರೇ. ಒಳ್ಳೆಯ ಮನುಷ್ಯ, ಆದ್ದರಿಂದ ಹೇಳಬೇಕಾದ್ದನ್ನು ಹೇಳಲು ಬಹಳ ಹೊತ್ತು ತೆಗೆದುಕೊಂಡರು.

"ಮಾಸ್ತರ, ತಪ್ಪ ತಿಳೀಬ್ಯಾಡ್ರಿ. ಓಣ್ಯಾಗ ಸಣ್ಣ ಹುಡುಗೋರು ಆಡತಾವ. ಹುರಕ ಕಜ್ಜಿ ಹತ್ತಿದ ನಾಯಿ ಇದು. ಏನರ ವ್ಯವಸ್ಥಾ ಮಾಡ್ರಿ. ಇಲ್ಲಂದ್ರ ನಾಯಿ ಹಿಡಿಯೂ ಗಾಡಿಗೆ ನಾನ ಹೇಳಬೇಕಾಗ್ತದ."

ಆ ಗಾಡಿ ಹತ್ತಿದ ನಾಯಿ ತಿರುಗಿ ಬಂದದ್ದನ್ನು ಯಾರೂ ನೋಡಿರಲಿಲ್ಲ. ಶೆಟ್ಟರು ಹೋದ ಮೇಲೆ ಶಾಂತಾ ಬಾಗಿಲಿಗೆ ಅಗಳಿ ಹಾಕಿ ಬಿಜಲಿಯ ಪಕ್ಕದಲ್ಲೇ ನೆಲಕ್ಕೆ ಕೂತಳು.

"ನಾಳೆ ದನದ ದವಾಖಾನಿಗೆ ಹೋಗೂಣು" ಎಂದಳು. "ನಿಮ್ಮ ವಾಕಿಂಗ್ ಸಾಕು."

ದನದ ದವಾಖಾನೆಯ ಡಾಕ್ಟರು ಜಮಾದಾರ ಸಾಹೇಬರು. ಮುಂಬೈಯಲ್ಲಿ ಓದಿ ಬಂದವರು, ತೆಳ್ಳಗೆ, ಮಾತು ಅದಕ್ಕಿಂತ ತೆಳ್ಳಗೆ. ಎಮ್ಮೆ, ಎತ್ತುಗಳ ಸಾಲಿನ ಕೊನೆಯಲ್ಲಿ ನಿಂತಿದ್ದ ನಮ್ಮನ್ನು ಕರೆದು, ಬಿಜಲಿಯನ್ನು ಮೇಜಿನ ಮೇಲೆ ಎತ್ತಿಸುವ ಯೋಚನೆ ಮಾಡಿ, ಅವಳ ಗಾತ್ರ ನೋಡಿ ತಾವೇ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತರು. ಬೋಳು ಪಕ್ಕೆಯ ಮೇಲೆ ಬರಿಗೈ ಆಡಿಸಿದರು.

"ಕೆರಕೋತಾಳೇನು?"

ನಾನೂ ಶಾಂತಾಳೂ ಮುಖ ಮುಖ ನೋಡಿಕೊಂಡೆವು. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಯೋಚಿಸಿದರೆ, ಇಲ್ಲ, ಅವಳು ಕೆರೆದುಕೊಂಡದ್ದನ್ನು ನೋಡಿಯೇ ಇರಲಿಲ್ಲ.

"ಕೆರತ ಇಲ್ಲದ ಹುರಕು ಎಲ್ಲೀದ್ರಿ?" ಎಂದು ಡಾಕ್ಟರು ಚರ್ಮವನ್ನು ತುಸು ಕೆರೆದು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದರು. ಹುಳುವೇನೂ ಇರಲಿಲ್ಲ. ಆಮೇಲೆ ಒಂದೊಂದೇ ಕೇಳಿದರು. ಊಟ ಹೇಗೆ, ನಿದ್ದೆ ಹೇಗೆ, ಬಿಸಿಲಿಗೆ ಹೋಗುತ್ತಾಳೋ ನೆರಳಿಗೋ. ಗಡಿಯಾರ ಹಿಡಿದು ಎದೆಬಡಿತ ಕೇಳಿದರು. ಬಹಳ ಹೊತ್ತು ಕೇಳಿದರು.

"ಎದಿ ಸೈತ ನಿಧಾನ ನಡದದ. ಗಂಟಲದಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಇರತದ್ರಿ ಮಾಸ್ತರ. ಮೈಯಾಗಿನ ಒಲಿ ಅಂತ ತಿಳ್ಕೋರಿ. ಅದು ಉರದ್ರ ತಿಂದದ್ದು ಕರಗತದ, ಮೈ ಬೆಚ್ಚಗಿರತದ, ಕೂದಲ ಬೆಳೀತಾವ. ಇಕೀ ಒಲಿ ಆರಾಕತ್ತದ. ನೀವು ರೊಟ್ಟಿ ಕಡಿಮಿ ಮಾಡಿದ್ರ ಏನ ಆಗತದ?"

"ಹಂಗಾದ್ರ ಇದು ಸೊಕ್ಕ ಅಲ್ಲ?" ಎಂದಳು ಶಾಂತಾ.

"ಸೊಕ್ಕ ಮಾಡಾಕೂ ಶಕ್ತಿ ಬೇಕಲ್ಲವಾ."

ಖಾತ್ರಿ ಏನು ಎಂದು ನಾನು ಕೇಳಿದೆ. ಖಾತ್ರಿ ಇಲ್ಲ ಎಂದರು. ನಾಯಿಯ ರಕ್ತದಲ್ಲಿ ಅದನ್ನು ಪರೀಕ್ಷಿಸುವ ಸೌಕರ್ಯ ನಮ್ಮ ಕಡೆ ಎಲ್ಲೂ ಇಲ್ಲ. ಮನುಷ್ಯರ ಗುಳಿಗೆಯನ್ನೇ ಕೊಟ್ಟು ನೋಡುವುದು. ಒಲೆ ಹತ್ತಿಕೊಂಡರೆ ತಾವು ಹೇಳಿದ್ದು ಸರಿ. ಹಾಗೆ ಹತ್ತಿಕೊಂಡರೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ, ಊಟಕ್ಕಿಂತ ಮೊದಲು, ಅವಳು ಬದುಕಿರುವವರೆಗೂ ಕೊಡಬೇಕು. "ಚಲೋ ಆತು ಅಂತ ಬಿಟ್ಟೀರಿ ಅಂದ್ರ ಮತ್ತ ಆರತದ. ಇದು ವಾಸಿ ಆಗೂ ಬ್ಯಾನಿ ಅಲ್ಲ, ಸಂಭಾಳಿಸೂ ಬ್ಯಾನಿ" ಎಂದರು. ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವರೇ ಶೆಟ್ಟರ ಅಂಗಡಿಯ ಮುಂದೆ ಮೋಟಾರುಸೈಕಲ್ಲು ನಿಲ್ಲಿಸಿ, ಎಲ್ಲರಿಗೂ ಕಾಣುವ ಹಾಗೆ ಬಿಜಲಿಯ ಬೋಳು ಮೈಯನ್ನು ಸವರಿ, "ಹತ್ತೂ ಬ್ಯಾನಿ ಆಗಿದ್ರ ನಾ ಮುಟ್ಟತಿದ್ದೆನೇನ್ರಿ?" ಎಂದು ಹೇಳಿ ಹೋದರು. ಶೆಟ್ಟರು ಗಾಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಗುಳಿಗೆ ತರಲು ಕಟಗೇರಿಯವರ ಔಷಧದ ಅಂಗಡಿಗೆ ಹೋದೆ. ಅವರು ಚೀಟಿ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ಮಾಸ್ತರ, ಇಷ್ಟ ಗುಳಿಗಿ ತಗೊಂಡ್ರ ಆಳು ಉಳೀತಾನೇನು?"

"ಆಳಿಗಲ್ಲ, ನಾಯಿಗೆ" ಎಂದೆ.

"ನಾಯಿಗೆ ಇಷ್ಟ ಯಾಕ? ಮನಷ್ಯಾಗ ಇದರಾಗ ಚೂರು ಸಾಕು."

ನಾಯಿಯ ಮೈ ಆ ಔಷಧವನ್ನು ಬೇಗ ಕರಗಿಸಿ ಹೊರಹಾಕುತ್ತದಂತೆ, ಆದ್ದರಿಂದ ತೂಕಕ್ಕೆ ಹೋಲಿಸಿದರೆ ಮನುಷ್ಯರಿಗಿಂತ ಎಷ್ಟೋ ಪಟ್ಟು ಹೆಚ್ಚು ಬೇಕಂತೆ. ಡಾಕ್ಟರು ನನಗೆ ಹೇಳಿದ್ದನ್ನು ನಾನು ಅವರಿಗೆ ಹೇಳಿದೆ. ಕಟಗೇರಿಯವರು ನಂಬಲಿಲ್ಲ. ಕಲ್ಲಿನಂತೆ ಕೂತು, ಅಂಗಡಿಯ ಹುಡುಗನಿಂದ ದನದ ದವಾಖಾನೆಗೆ ಫೋನು ಹಚ್ಚಿಸಿ, ಸ್ವತಃ ಕೇಳಿ ತಿಳಿದ ಮೇಲೆಯೇ ಡಬ್ಬಿ ಕೊಟ್ಟರು. ಅಂಗಡಿಯಲ್ಲಿದ್ದವರೆಲ್ಲ ಅಷ್ಟರಲ್ಲಿ ವಿಷಯ ತಿಳಿದಿದ್ದರು. ವಿಜಾಪುರದಲ್ಲಿ ಗಂಟಲ ಗ್ರಂಥಿಯ ಬಗ್ಗೆ ಅಷ್ಟು ದೊಡ್ಡ ಸಾರ್ವಜನಿಕ ಚರ್ಚೆ ಅದಕ್ಕೆ ಮೊದಲು ನಡೆದಿರಲಾರದು.

ಬೆಣ್ಣೆ ಸವರಿದ ರೊಟ್ಟಿಯ ಚೂರಿನಲ್ಲಿ ಗುಳಿಗೆ ಹುದುಗಿಸಿ ಕೊಡುವುದು ನನ್ನ ಕೆಲಸವಾಯಿತು. ಬಿಜಲಿ ಬೆಣ್ಣೆಯನ್ನು ನೆಕ್ಕಿ, ರೊಟ್ಟಿಯನ್ನು ತಿಂದು, ಗುಳಿಗೆಯನ್ನು ಸ್ವಚ್ಛವಾಗಿ ನನ್ನ ಕಾಲ ಬಳಿ ಇಟ್ಟುಬಿಡುವಳು. ಅವಳ ಮೈ ನಿಧಾನವಾಗಿತ್ತು, ನಾಲಿಗೆಯ ಜಾಣತನ ನಿಧಾನವಾಗಿರಲಿಲ್ಲ. ಕೊನೆಗೆ ಶಾಂತಾ ದವಡೆ ಹಿಡಿದು ನಾಲಿಗೆಯ ಬುಡಕ್ಕೆ ಗುಳಿಗೆ ಇಟ್ಟು ಗಂಟಲು ಸವರುವುದನ್ನು ಕಲಿತಳು. ನನಗೆ ಬೆಣ್ಣೆಯ ಉಸ್ತುವಾರಿಯಷ್ಟೇ ಉಳಿಯಿತು.

ಕೆಲವು ದಿನಗಳಲ್ಲಿ ಬಾಲ ಅಲುಗಿತು. ಅಲುಗಿದ್ದು ಇಲಿಯ ಬಾಲವಾದರೂ ನಮಗೆ ಹಬ್ಬವೇ. ಆಮೇಲೆ ಕೂದಲು ಬೆಳೆಯುವ ಬದಲು ಉಳಿದದ್ದೂ ಉದುರತೊಡಗಿ ಶಾಂತಾ ಗಾಬರಿಯಾದಳು. ಹಳೆಯ ಸತ್ತ ಕೂದಲು ಹೋದರೆ ತಾನೆ ಹೊಸದಕ್ಕೆ ಜಾಗ ಎಂದರು ಡಾಕ್ಟರು. ನಡುವೆ ಒಮ್ಮೆ ಒಲೆ ತುಸು ಜೋರಾಗಿಯೇ ಹತ್ತಿಕೊಂಡಿತು. ಬಿಜಲಿ ನಿಂತಲ್ಲಿ ನಿಲ್ಲಳು, ಬಾಯಿ ತೆರೆದು ಏದುಸಿರು ಬಿಡುವಳು, ನೀರಿನ ಬೋಗುಣಿ ತುಂಬಿಸಿದಷ್ಟೂ ಖಾಲಿ. ಗುಳಿಗೆ ಸ್ವಲ್ಪ ಇಳಿಸಿದ ಮೇಲೆ ತಹಬಂದಿಗೆ ಬಂದಳು. ಚಳಿ ಶುರುವಾಗುವ ಹೊತ್ತಿಗೆ ಪಕ್ಕೆಗಳಲ್ಲಿ ವೆಲ್ವೆಟ್ಟಿನಂಥ ಕೂದಲು, ಸೊಂಟವಿದ್ದ ಜಾಗದಲ್ಲಿ ಸೊಂಟದ ಸೂಚನೆ. ಒಂದು ಬೆಳಿಗ್ಗೆ ಅಂಚೆಯವನನ್ನು ಓಣಿಯ ತಿರುವಿನವರೆಗೆ ಓಡಿಸಿಕೊಂಡು ಹೋದಳು. ಅವನಿಗೆ ಚಹಾ ಕುಡಿಸಿ ಕ್ಷಮೆ ಕೇಳಿದೆವು. ಕೇಳುವಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸಂಕ್ರಾಂತಿಗೆ ಬಬಲೇಶ್ವರಕ್ಕೆ ಹೋದೆವು. ಬಸ್ಸಿನಿಂದ ಇಳಿದದ್ದೇ ಬಿಜಲಿ ನನ್ನ ಕೈಯ ಹಗ್ಗ ಕಿತ್ತುಕೊಂಡು ಓಡಿ ನಮಗಿಂತ ಮೊದಲು ಅಂಗಳ ಸೇರಿದಳು. ನಾವು ಹೋಗುವಷ್ಟರಲ್ಲಿ ಅತ್ತೆಯ ಸುತ್ತ ಕುಣಿಯುತ್ತಿದ್ದಳು. ಅತ್ತೆ ಅದೇ ಗೋಡೆಗೆ ಒರಗಿ ಕೂತಿದ್ದರು. ಶಾಲಿನ ಮೇಲೆ ಈಗ ಕಂಬಳಿಯೂ ಬಂದಿತ್ತು. ಅವರ ಹುಬ್ಬಿನ ಕೂದಲು ತೆಳುವಾಗಿತ್ತು. ಮಗಳನ್ನು ನೋಡಿ ನಗುವುದಕ್ಕೂ ಅವರಿಗೆ ಹೊತ್ತು ಹಿಡಿಯಿತು.

ಅದೇ ಹೊತ್ತಿಗೆ ಜಮಾದಾರ ಡಾಕ್ಟರು ಅಲ್ಲಿದ್ದರು. ವಾರಕ್ಕೊಮ್ಮೆ ಸುತ್ತಲ ಊರುಗಳಿಗೆ ಬರುತ್ತಿದ್ದವರು, ಮಾವನವರ ಎತ್ತಿನ ಕಾಲು ನೋಡಲು ಬಂದಿದ್ದರು. ಮಾವನವರು ಬಿಜಲಿಯ ಓಟ ನೋಡಿ ಹಿಗ್ಗಿ ಹೋದರು. ಹಿಗ್ಗಿನಲ್ಲಿ ತಮಾಷೆಗೆ ಹೇಳಿದರು:

"ಭಲೇ ಡಾಕ್ಟರ್ರ! ನಾಯಿಗೆ ಗುಳಿಗಿ ಕೊಟ್ಟು ಎಬ್ಬಿಸಿ ಬಿಟ್ರಿ. ನಮ್ಮ ಮನಿ ಮಾಲಕಿಗೂ ಒಂದ ಕೊಡ್ರಲ್ಲ, ಎದ್ದು ನಾಲ್ಕ ಹೆಜ್ಜಿ ಅಡ್ಡಾಡಲಿ."

ಆಳುಗಳು ನಕ್ಕರು. ಡಾಕ್ಟರು ನಗಲಿಲ್ಲ. ಅತ್ತೆಯ ಕಡೆ ತಿರುಗಿ ನೋಡಿದರು, ಮೊದಲ ದಿನ ಬಿಜಲಿಯ ಎದೆಬಡಿತ ಕೇಳಿದಷ್ಟೇ ಹೊತ್ತು. ಆಮೇಲೆ ನನ್ನನ್ನು ಎತ್ತಿನ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಎತ್ತಿನ ಗೊರಸನ್ನೇ ನೋಡುತ್ತ ಮಾತಾಡಿದರು.

"ಮಾಸ್ತರ, ನಾ ದನದ ಡಾಕ್ಟರ. ಮನಷ್ಯಾರ ಬ್ಯಾನಿ ಬಗ್ಗೆ ಬಾಯಿ ತಗೀಬಾರದು. ಆದ್ರೂ ಕೇಳತೇನಿ. ಅಮ್ಮಾವ್ರಿಗೆ ಥಂಡಿ ಭಾಳ ಆಗತದೇನು? ದನಿ ಮೊದಲಿಂದ ಹಿಂಗ ಅದನ?"

ಡಾಕ್ಟರ ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು. ಉತ್ತರಗಳೂ ಆಗಿದ್ದವು, ಇನ್ನೊಬ್ಬಳ ವಿಷಯದಲ್ಲಿ.

ಶಾಂತಾಳಿಗೆ ಹೇಳಿದೆ. ಅವಳು ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳಿದಳು. ಮಾವನವರ ಧ್ವನಿ ಅಂಗಳಕ್ಕೆ ಕೇಳುವಂತೆ ಬಂತು.

"ಏನಂದಿ? ನಾಯಿ ಬ್ಯಾನಿ ನನ್ನ ಹೇಂತಿಗೆ ಬಂದದ? ಗೌಡರ ಮನಿ ಹೆಣಮಗಳ ನಾಡಿ ದನದ ಡಾಕ್ಟರ ಹಿಡೀತಾನ? ಊರಾಗ ತಲಿ ಎತ್ತಿ ತಿರಗೂದು ಬ್ಯಾಡೇನು ನಾನು?"

ಡಾಕ್ಟರು ಚೀಲ ಎತ್ತಿಕೊಂಡು ಹೊರಟರು. ನಾನು ಅವರ ಹಿಂದೆ ಹೋಗಲೋ ಮಾವನವರ ಮುಂದೆ ಹೋಗಲೋ ತಿಳಿಯದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಆಗ ಗೋಡೆಯ ಬಳಿಯಿಂದ ಆ ಒಡೆದ ಧ್ವನಿ ಬಂತು.

"ಡಾಕ್ಟರ್ರ, ನಿಲ್ರಿ."

ಅತ್ತೆ ಗೋಡೆ ಹಿಡಿದು ಎದ್ದು ನಿಂತಿದ್ದರು. ಮಾವನವರೂ ಹೊರಗೆ ಬಂದರು. ಅತ್ತೆ ಅವರ ಕಡೆ ನೋಡಲಿಲ್ಲ. ಒಂದೊಂದೇ ಮಾತು, ನಡುವೆ ಉಸಿರು ತೆಗೆದುಕೊಂಡು ಹೇಳಿದರು.

"ಬ್ಯಾಸಗ್ಯಾಗ ಈ ನಾಯಿ ನನ್ನ ಬಾಜೂಕ ಬಿದ್ದಿತ್ತು. ಇಕಿಗೂ ಎಲ್ಲಾರೂ ಸೊಕ್ಕ ಬಂದದ ಅಂದ್ರು. ನನಗೂ ಅಂದ್ರು. ಇಕಿ ಎದ್ದು ಓಡಾಕತ್ತಾಳ. ನಾ ಇಲ್ಲೇ ಅದೇನಿ. ಬ್ಯಾನಿ ನಾಯೀದ ಇರಲಿ, ಎಮ್ಮೀದ ಇರಲಿ, ನನಗೇನ ನಾಚಿಕಿಲ್ಲ. ಎಲ್ಲಿ ಹೋಗಬೇಕು ಹೇಳ್ರಿ, ಹೋಗತೇನಿ."

ಆ ಮನೆಯಲ್ಲಿ ಅಷ್ಟು ಉದ್ದದ ಮಾತನ್ನು ಅತ್ತೆ ಆಡಿ ಎಷ್ಟು ಕಾಲವಾಗಿತ್ತೋ. ಮಾವನವರು ಒಳಗೆ ಹೋಗಿ ತಲೆಗೆ ಪಟಕ ಸುತ್ತಿಕೊಂಡು ಬಂದರು.

"ಬಸ್ಸ ಎಷ್ಟಕ್ಕದ?" ಎಂದು ನನ್ನನ್ನು ಕೇಳಿದರು.

ವಿಜಾಪುರದಲ್ಲಿ ಒಬ್ಬ ಲೇಡಿ ಡಾಕ್ಟರು ನೋಡಿದರು. ಅತ್ತೆಯ ಕೈ, ಮುಖ, ಗಂಟಲು ನೋಡಿ, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಕೇಳಿದರು. ರಕ್ತ ಪುಣೆಗೆ ಹೋಯಿತು, ಉತ್ತರ ಬಂತು, ಜಮಾದಾರ ಸಾಹೇಬರ ಅನುಮಾನವೇ ಸರಿಯಾಗಿತ್ತು. ಇನ್ನೊಂದು ಚಳಿಗಾಲ ಹೀಗೇ ಬಿಟ್ಟಿದ್ದರೆ ಹೃದಯಕ್ಕೇ ತೊಂದರೆಯಾಗುತ್ತಿತ್ತೆಂದು ಆ ಡಾಕ್ಟರು ಬಾಗಿಲ ಹೊರಗೆ ಬಂದು ಮೆಲ್ಲಗೆ ಹೇಳಿದರು. ಮಾವನವರು ಅದನ್ನು ನಿಂತು ಕೇಳಿಸಿಕೊಂಡರು. ಆ ದಿನ ಬಸ್‌ಸ್ಟ್ಯಾಂಡಿನವರೆಗೆ ಅವರು ಹೆಂಡತಿಯ ನಡಿಗೆಗೆ ಹೊಂದಿಸಿಕೊಂಡು ನಡೆದರು. ಅವರಿಗೆ ಅದು ಅಭ್ಯಾಸವಿರದ ಕೆಲಸ. ಎರಡು ಸಲ ಮುಂದೆ ಹೋಗಿ ತಿರುಗಿ ಬಂದರು.

ಕಟಗೇರಿಯವರ ಅಂಗಡಿಯಲ್ಲಿ ಈಗ ನನ್ನ ಖಾತೆ ಜೋಡಿಯಾಯಿತು. "ನಾಯೀದೋ, ಅತ್ತೀದೋ?" ಎಂದು ಅವರು ಎಲ್ಲರ ಮುಂದೆ ಕೂಗಿ ಕೇಳುವರು. ಮೊದಲ ಸಲ ಅವರು ಎಣಿಸಿ ಕೊಟ್ಟ ಗುಳಿಗೆ ನೋಡಿ ಅತ್ತೆಗೇ ಸಿಟ್ಟು ಬಂದಿತ್ತು.

"ನಾಯಿಗೆ ಅಷ್ಟ, ನನಗ ಇಷ್ಟ ಯಾಕ? ಗಂಡಸರ ಹಂಚಿಕಿ ಮಾಡಿದ್ರ ಹಿಂಗ ಆಗತದ."

ಆ ಸಿಟ್ಟು ಒಳ್ಳೆಯ ಲಕ್ಷಣವೆಂದು ನಾವೆಲ್ಲ ಸಂತೋಷಪಟ್ಟೆವು. ಸಂತೋಷ ಬಹಳ ದಿನ ಉಳಿಯಲಿಲ್ಲ. ಅತ್ತೆಯ ಮುಖದ ಬಾವು ಇಳಿಯಿತು, ಶಾಲು ಕಂಬಳಿ ಪೆಟ್ಟಿಗೆ ಸೇರಿದವು, ಧ್ವನಿ ತಿರುಗಿ ಬಂತು. ಬಂದ ಧ್ವನಿ ಎಲ್ಲರನ್ನೂ ಕೆಲಸಕ್ಕೆ ಹಚ್ಚಿತು. ಸೊಸೆಯಂದಿರು ಬೆಳಗಾಗುವ ಮುಂಚೆ ಏಳಬೇಕಾಯಿತು. ಆಳುಗಳು ಬೀಡಿ ಸೇದಲು ನಿಡೋಣಿಯ ದಾರಿಯವರೆಗೆ ಹೋಗಬೇಕಾಯಿತು. ಪಂಚೆಯನ್ನು ಎಲ್ಲೆಂದರಲ್ಲಿ ಬಿಸಾಕುವ ಮಾವನವರ ಪದ್ಧತಿಗೆ ಕೊನೆ ಬಂತು. ಒಮ್ಮೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು:

"ಅಳಿಯಂದ್ರ, ಆ ಗುಳಿಗಿ ಒಂಚೂರು ಕಡಿಮಿ ಮಾಡಾಕ ಬರತದೇನು?"

ಕೇಳಿದ್ದು ತಮಾಷೆಗೆ. ಗುಳಿಗೆ ಮುಗಿಯುವ ಮುನ್ನ ಪ್ರತಿ ಸಲ ವಿಜಾಪುರಕ್ಕೆ ಬರುತ್ತಿದ್ದವರು ಅವರೇ, ಬೇರೆ ಯಾರ ಕೈಯಲ್ಲಿ ತರಿಸಲೂ ಒಪ್ಪುತ್ತಿರಲಿಲ್ಲ. ಹಾಗೆ ಬಂದ ಒಂದು ದಿನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ಶಾಂತಾ ಬಿಜಲಿಯ ದವಡೆ ಹಿಡಿದು ಗುಳಿಗೆ ನುಂಗಿಸುವುದನ್ನು ನೋಡುತ್ತ ಇದ್ದವರು ಇದ್ದಕ್ಕಿದ್ದಂತೆ ಕೇಳಿದರು:

"ಆಗ ಅಕಿಗೆ ಭಾಳ ಥಂಡಿ ಆಗತಿತ್ತೇನು?"

ಯಾರಿಗೆ ಎಂದು ನಾವು ಕೇಳಲಿಲ್ಲ. "ಹೌದಪ್ಪಾ, ಆಗತಿತ್ತು" ಎಂದಳು ಶಾಂತಾ. ಅವರು ಚಹಾ ಆರುವವರೆಗೆ ಬಟ್ಟಲು ಹಿಡಿದು ಕೂತಿದ್ದರು.

ಬಿಜಲಿ ಮುಂದೆ ಎಷ್ಟೋ ವರ್ಷ ಬದುಕಿದಳು. ಮೊಲ ಬೆನ್ನಟ್ಟುವ ವೇಗ ಬರಲಿಲ್ಲ, ಬರಬೇಕೆಂದು ನಾವು ಕೇಳಲೂ ಇಲ್ಲ. ಕೋಟೆಗೋಡೆಯ ಗುಂಟ ಈಗ ನಾನೇ ಅಲ್ಲಲ್ಲಿ ಕೂರುತ್ತಿದ್ದೆ, ಅವಳು ಹಗ್ಗ ಎಳೆಯುತ್ತ ಕಾಯುತ್ತಿದ್ದಳು.

ಕೊನೆಯದಾಗಿ ತಿಕೋಟಾದ ಒಂದು ಮಧ್ಯಾಹ್ನದ ವಿಷಯ ಹೇಳಿ ನಿಲ್ಲಿಸುತ್ತೇನೆ. ಅತ್ತೆಯ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದರು. ಅವರ ಮಗಳ ನಿಶ್ಚಯದ ಕಾರ್ಯ. ಆಗಷ್ಟೇ 'ದ್ರಾಕ್ಷಿ ಹಚ್ಚೋಣ' ಎಂಬ ಹುರುಪು ಆ ಕಡೆ ಶುರುವಾಗಿತ್ತು, ಅವರ ತೋಟದಲ್ಲೂ ಚಪ್ಪರಕ್ಕೆ ಬಳ್ಳಿ ಹಬ್ಬಿತ್ತು. ಬೆಳಗಿನಿಂದ ಅಡುಗೆಯವರಿಂದ ಹಿಡಿದು ಬೀಗರವರೆಗೆ ಎಲ್ಲರನ್ನೂ ಆಡಿಸುತ್ತಿದ್ದ ಅತ್ತೆ, ಪಂಕ್ತಿ ಏಳುವ ಗದ್ದಲದ ನಡುವೆ ಕಾಣಿಸಲಿಲ್ಲ. ಹುಡುಕಿದರೆ ದ್ರಾಕ್ಷಿಯ ಚಪ್ಪರದ ಕೆಳಗೆ ಚಾಪೆ ಹಾಸಿ, ಕಾಲು ಚಾಚಿ, ಕೂತಿದ್ದಾರೆ.

ಒಂದೇ ಗಾಬರಿ. ತಂಗಿ ನೀರಿನ ಚೊಂಬು ಹಿಡಿದು ಓಡಿ ಬಂದರು. ಸೊಸೆ ಬೀಸಣಿಗೆ ತಂದಳು. ಶಾಂತಾ, "ಅವ್ವಾ, ಮುಂಜಾನಿ ಗುಳಿಗಿ ತಗೊಂಡಿಯಿಲ್ಲೋ?" ಎಂದು ಗಂಟಲು ಮುಟ್ಟಿ ನೋಡಿದಳು. ನಾನು ಮಣಿಕಟ್ಟು ಹಿಡಿದು ನಾಡಿ ಎಣಿಸಲು ಹೊರಟೆ. ಮಾವನವರು ಬೀಗರ ಕಾರನ್ನೇ ಹೊರಡಿಸಿ ಎಂದು ಕೂಗುತ್ತ ಬಂದರು. ಅತ್ತೆ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು, ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು.

"ನನಗೇನೂ ಆಗಿಲ್ಲ. ಗಾಳಿ ಚಲೋ ಬರಾಕತ್ತದ, ಕುಂತೇನಿ. ಸುಮ್ಮ ಕುಂಡ್ರಾಕೂ ಡಾಕ್ಟರ ಚೀಟಿ ಬೇಕೇನ್ರೋ?"

ನಾವು ಪೆಚ್ಚಾಗಿ ಒಬ್ಬೊಬ್ಬರೇ ಜಾರಿಕೊಂಡೆವು. ಮಾವನವರು ಮಾತ್ರ ಅಲ್ಲೇ ನಿಂತರು. ಆಚೆ ಬೀಗರು ಹೊರಟು ನಿಂತಿದ್ದರು, ಯಾರೋ ಮಾವನವರನ್ನು ಕರೆಯುತ್ತಿದ್ದರು. ಅವರು ಆ ಕಡೆ ಒಮ್ಮೆ ನೋಡಿದರು, ಈ ಕಡೆ ಒಮ್ಮೆ ನೋಡಿದರು. ಆಮೇಲೆ ಪಟಕ ತೆಗೆದು ಬಳ್ಳಿಯ ಕಂಬಕ್ಕೆ ಸಿಕ್ಕಿಸಿ, "ಹಂಗಾದ್ರ ಒಂಚೂರು ಆಚೆ ಸರಿ" ಎಂದು ಚಾಪೆಯ ಮೇಲೆ ಕೂತರು.